ಲೆನ್ಸ್ ಮನೆಯಲ್ಲಿದೆ, ಕ್ಯಾಮೆರಾ ಯಾವುದು ಕೊಳ್ಳೋಣ?

ರೋಲ್ ಹಾಕುವ ಹಳೇ ಕ್ಯಾಮೆರಾಗಳ ಹುಚ್ಚು ನಮ್ಮ ವಯಸ್ಸಿನವರಿಗೆ ಮತ್ತೆ ಹಿಡಿದಿದೆ. ಹುಚ್ಚು ಹಿಡಿದವರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಯಾವ ಕ್ಯಾಮೆರಾ ಚೆನ್ನಾಗಿದೆ ಅಂತ ಹತ್ತು ವಿಡಿಯೋ ನೋಡಿ, ಎಲ್ಲರೂ ಹೊಗಳಿದ್ದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ಕೊಂಡುಬಿಡುವುದು. ಆದರೆ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಪೆಟ್ಟಿಗೆ ಇರುತ್ತೆ. ಮಾವನದ್ದೋ ತಾತನದ್ದೋ. ಕ್ಯಾಮೆರಾ ಯಾವಾಗಲೋ ಮಾರಿಹೋಗಿದೆ, ಇಲ್ಲವೇ ಕೆಟ್ಟುಹೋಗಿದೆ. ಲೆನ್ಸು, ಫ್ಲ್ಯಾಶು, ಫಿಲ್ಟರು ಮಾತ್ರ ಉಳಿದಿವೆ. ಅಂಥ ಮನೆಯವರು ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ‘ಯಾವ ಕ್ಯಾಮೆರಾ ಒಳ್ಳೆಯದು’ ಅಂತಲ್ಲ, ‘ಈ ಪೆಟ್ಟಿಗೆಗೆ ಯಾವ ಕ್ಯಾಮೆರಾ ಒಗ್ಗುತ್ತೆ’ ಅಂತ.

ಹಾಗೆ ಕೇಳಿದರೆ ಉತ್ತರ ಬಹಳ ಸಲ ಬೇರೆಯೇ ಬರುತ್ತೆ. ಈ ಪಾಠದಲ್ಲಿ ಒಂದು ಪೆಟ್ಟಿಗೆಯನ್ನು ಉದಾಹರಣೆಗೆ ಇಟ್ಟುಕೊಂಡು, ಲೆಕ್ಕ ಹಾಕಿಕೊಂಡೇ ಮುಂದೆ ಹೋಗೋಣ. ಒಂದು ಸೆಮಿಸ್ಟರ್ ಉಳಿಸಿದ ಪಾಕೆಟ್ ಮನಿ ಪಣಕ್ಕಿದೆ. ತಪ್ಪು ಬಾಡಿ ತಂದರೆ ಮನೆಯ ಲೆನ್ಸು ಪೇಪರ್ ವೇಟ್ ಆಗುತ್ತೆ.

ಪೆಟ್ಟಿಗೆಯಲ್ಲಿ ಏನೇನಿದೆ?

ನಮ್ಮ ಉದಾಹರಣೆಯ ಪೆಟ್ಟಿಗೆಯಲ್ಲಿ ಇರುವುದು ಇಷ್ಟು:

1. ನಿಕ್ಕರ್-ಎಚ್ ಆಟೋ, 50 ಮಿ.ಮೀ. ಎಫ್/2 ಲೆನ್ಸ್
2. ನಿಕ್ಕರ್ 135 ಮಿ.ಮೀ. ಎಫ್/2.8 ಲೆನ್ಸ್
3. ಹೀಲಿಯೋಸ್ 44-2, 58 ಮಿ.ಮೀ. ಎಫ್/2 ಲೆನ್ಸ್
4. ಒಂದು ಹಳೇ ಆಟೋ ಫ್ಲ್ಯಾಶ್, ಜೊತೆಗೆ ಅದರ ವೈರು
5. 52 ಮಿ.ಮೀ. ಹಳದಿ ಫಿಲ್ಟರ್, ಒಂದು ಕೇಬಲ್ ರಿಲೀಸ್, ಒಂದು ಟ್ರೈಪಾಡ್

ನೀವೂ ಮೊದಲು ಇಂಥ ಪಟ್ಟಿ ಬರೆಯಿರಿ. ಲೆನ್ಸಿನ ಮುಂದಿನ ಉಂಗುರದ ಮೇಲೆ ಏನು ಬರೆದಿದೆಯೋ ಅದನ್ನು ಅಕ್ಷರಕ್ಕೆ ಅಕ್ಷರ ಇಳಿಸಿಕೊಳ್ಳಿ. ಮೊಬೈಲಿನಲ್ಲಿ ಹಿಂಭಾಗದ ಫೋಟೋನೂ ತೆಗೆದಿಟ್ಟುಕೊಳ್ಳಿ. ಯಾಕೆಂದರೆ ಬಾಡಿಯನ್ನು ತೀರ್ಮಾನಿಸುವುದು ಲೆನ್ಸಿನ ಮುಖವಲ್ಲ, ಬೆನ್ನು.

ಮೊದಲ ಲೆಕ್ಕ: ಮೌಂಟ್ ಮತ್ತು ಒಂದು ಮಿಲಿಮೀಟರ್

ಲೆನ್ಸ್ ಬಾಡಿಗೆ ಸೇರುವ ಜಾಗಕ್ಕೆ ಮೌಂಟ್ ಅಂತಾರೆ. ನಿಕಾನ್ ಲೆನ್ಸು ಮೂರು ಹಲ್ಲುಗಳನ್ನು ಕಚ್ಚಿಕೊಂಡು ಸ್ವಲ್ಪ ತಿರುಗಿಸಿದರೆ ‘ಟಕ್’ ಅಂತ ಕೂರುತ್ತೆ. ಹೀಲಿಯೋಸ್ 44-2 ಬಾಟಲಿ ಮುಚ್ಚಳದ ಹಾಗೆ ಥ್ರೆಡ್ಡಿನಲ್ಲಿ ತಿರುಗಿ ಕೂರುವಂಥದ್ದು. 42 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್, ಅದಕ್ಕೇ ಎಂ42 ಅಂತ ಹೆಸರು. ಝೆನಿಟ್, ಪ್ರಾಕ್ಟಿಕಾ, ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಇವೆಲ್ಲ ಇದೇ ಥ್ರೆಡ್ಡಿನ ಬಾಡಿಗಳು.

‘ಅಡಾಪ್ಟರ್ ಹಾಕಿದರೆ ಆಯ್ತಲ್ಲ?’ ಅಂತ ಅಂಗಡಿಯವರು ಹೇಳಬಹುದು. ಎಲ್ಲ ಸಲ ಆಗಲ್ಲ. ಮೌಂಟಿನ ಮುಖದಿಂದ ಫಿಲ್ಮ್‌ವರೆಗಿನ ದೂರ ಪ್ರತಿ ಕಂಪನಿಗೂ ಬೇರೆ ಬೇರೆ. ಮುಖ್ಯವಾದವು ಇವು:

ಕ್ಯಾನನ್ ಎಫ್‌ಡಿ: 42 ಮಿ.ಮೀ.
ಮಿನೋಲ್ಟಾ ಎಂಡಿ: 43.5 ಮಿ.ಮೀ.
ಕ್ಯಾನನ್ ಇಎಫ್: 44 ಮಿ.ಮೀ.
ಎಂ42, ಪೆಂಟಾಕ್ಸ್ ಕೆ: 45.46 ಮಿ.ಮೀ.
ಒಲಿಂಪಸ್ ಓಎಂ: 46 ಮಿ.ಮೀ.
ನಿಕಾನ್ ಎಫ್: 46.5 ಮಿ.ಮೀ.

ಸೂತ್ರ ಸುಲಭ. ಲೆನ್ಸಿನ ಸಂಖ್ಯೆ ಬಾಡಿಯ ಸಂಖ್ಯೆಗಿಂತ ದೊಡ್ಡದಿದ್ದರೆ ನಡುವೆ ಅಡಾಪ್ಟರಿಗೆ ಜಾಗ ಸಿಗುತ್ತೆ. ಚಿಕ್ಕದಿದ್ದರೆ ಲೆನ್ಸು ಫಿಲ್ಮಿನಿಂದ ಬೇಕಾದ್ದಕ್ಕಿಂತ ದೂರ ನಿಲ್ಲುತ್ತೆ, ದೂರದ ವಸ್ತು ಫೋಕಸ್ ಆಗಲ್ಲ.

ಎಷ್ಟರ ಮಟ್ಟಿಗೆ ಆಗಲ್ಲ? ಪಿಯುಸಿಯಲ್ಲಿ ಓದಿದ ಲೆನ್ಸ್ ಸೂತ್ರವನ್ನೇ ನ್ಯೂಟನ್ ಬರೆದ ರೂಪದಲ್ಲಿ ಇಟ್ಟುಕೊಳ್ಳೋಣ. ಲೆನ್ಸು ಎಷ್ಟು ಮುಂದೆ ಸರಿದಿದೆಯೋ ಅದನ್ನು ವಸ್ತುವಿನ ದೂರದಿಂದ ಗುಣಿಸಿದರೆ ಫೋಕಲ್ ಲೆಂತ್‌ನ ವರ್ಗ ಬರಬೇಕು. (ಇಲ್ಲಿ ವಸ್ತುವಿನ ದೂರವನ್ನು ಲೆನ್ಸಿನ ಮುಂದಿನ ಫೋಕಸ್ ಬಿಂದುವಿನಿಂದ ಅಳೆಯುತ್ತೇವೆ.) ಹೀಲಿಯೋಸನ್ನು ನಿಕಾನ್ ಬಾಡಿಗೆ ಹಾಕಿದರೆ ವ್ಯತ್ಯಾಸ 46.5 – 45.46 = 1.04 ಮಿ.ಮೀ. 58ರ ವರ್ಗ 3364. ಅದನ್ನು 1.04ರಿಂದ ಭಾಗಿಸಿದರೆ ಸುಮಾರು 3235 ಮಿ.ಮೀ. ಅಂದರೆ ಅಡಾಪ್ಟರಿಗೆ ದಪ್ಪವೇ ಇಲ್ಲ ಎಂದುಕೊಂಡರೂ 3.2 ಮೀಟರಿನ ಆಚೆ ಇರುವುದೆಲ್ಲ ಮಸುಕು. ಅಡಾಪ್ಟರಿನಿಂದ ಇನ್ನೊಂದು ಮಿಲಿಮೀಟರ್ ಸೇರಿತು ಎಂದುಕೊಳ್ಳಿ, 3364ನ್ನು 2.04ರಿಂದ ಭಾಗಿಸಿ: 1.65 ಮೀಟರ್. ಒಂದು ಮಿಲಿಮೀಟರಿಗೆ ಇಷ್ಟು ಬೆಲೆ!

ಒಳಗೆ ಗಾಜು ಇರುವ ಅಡಾಪ್ಟರುಗಳೂ ಸಿಗುತ್ತವೆ. ದೂರದ ಫೋಕಸ್ ವಾಪಸ್ ಬರುತ್ತೆ. ಆದರೆ ಒಳ್ಳೇ ಲೆನ್ಸಿನ ಹಿಂದೆ ಅಗ್ಗದ ಗಾಜೊಂದು ಸೇರಿಕೊಂಡು ಚಿತ್ರದ ಚುರುಕು ಕಡಿಮೆ ಮಾಡುತ್ತೆ. ಹಾಗಾಗಿ ಮೊದಲ ತೀರ್ಮಾನ: ಪೆಟ್ಟಿಗೆಯಲ್ಲಿ ನಿಕಾನ್ ಲೆನ್ಸು ಎರಡು, ಎಂ42 ಒಂದು. ಬಹುಮತ ನಿಕಾನ್‌ಗೆ. ಹೀಲಿಯೋಸಿಗೆ ಗಾಜಿಲ್ಲದ ಅಡಾಪ್ಟರ್ ಸಾಕು. ದೂರದ ಬೆಟ್ಟ ಸಿಗಲ್ಲ, ಆದರೆ ಹೂವು, ಹತ್ತಿರದ ಮುಖ ಚೆನ್ನಾಗಿ ಸಿಗುತ್ತೆ.

ಎರಡನೇ ಲೆಕ್ಕ: ಮೊಲದ ಕಿವಿ ಮತ್ತು ಎಐ

‘ನಿಕಾನ್ ಮೌಂಟ್ 1959ರಿಂದ ಬದಲಾಗೇ ಇಲ್ಲ, ಯಾವ ನಿಕಾನ್ ಬಾಡಿಗೂ ಯಾವ ನಿಕಾನ್ ಲೆನ್ಸೂ ಕೂರುತ್ತೆ’ ಅನ್ನುವ ಮಾತು ಕೇಳಿರುತ್ತೀರಿ. ಅರ್ಧ ನಿಜ. ಕಚ್ಚುವ ಹಲ್ಲು ಬದಲಾಗಿಲ್ಲ. ಲೆನ್ಸು ಬಾಡಿಯ ಜೊತೆ ಮಾತಾಡುವ ಭಾಷೆ ಬದಲಾಗಿದೆ.

ವಿಷಯ ಇಷ್ಟು. ನಾವು ವ್ಯೂಫೈಂಡರಿನಲ್ಲಿ ನೋಡುವಾಗ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದಿರುತ್ತೆ, ಕಣ್ಣಿಗೆ ಬೆಳಕು ಚೆನ್ನಾಗಿ ಬರಲಿ ಅಂತ. ಗುಂಡಿ ಒತ್ತಿದ ಕ್ಷಣ ಮಾತ್ರ ನಾವು ಹೇಳಿದ ಎಫ್/8ಕ್ಕೋ ಎಫ್/11ಕ್ಕೋ ಮುಚ್ಚಿಕೊಳ್ಳುತ್ತೆ. ಹಾಗಾದರೆ ಬೆಳಕು ಅಳೆಯುವ ಮೀಟರಿಗೆ ‘ಇವರು ಎಫ್/8 ಇಟ್ಟಿದ್ದಾರೆ’ ಅಂತ ಮೊದಲೇ ಹೇಳುವವರು ಯಾರು?

ಹಳೇ ವ್ಯವಸ್ಥೆಯಲ್ಲಿ ಲೆನ್ಸಿನ ಅಪರ್ಚರ್ ಉಂಗುರದ ಮೇಲೆ ಎದ್ದು ನಿಂತ ಒಂದು ಲೋಹದ ಕವಲು ಇರುತ್ತೆ. ನೋಡೋಕೆ ಮೊಲದ ಕಿವಿ ಇದ್ದ ಹಾಗೆ. ಬಾಡಿಯ ಕಡ್ಡಿಯೊಂದು ಆ ಕಿವಿಯ ನಡುವೆ ಸಿಕ್ಕಿಕೊಂಡು ಉಂಗುರದ ಜೊತೆ ತಿರುಗುತ್ತೆ. 1977ರಲ್ಲಿ ನಿಕಾನ್ ಇದನ್ನು ಬದಲಿಸಿತು. ಉಂಗುರದ ಹಿಂದಿನ ಅಂಚನ್ನು ಒಂದು ಕಡೆ ಕತ್ತರಿಸಿ ಮೆಟ್ಟಿಲು ಮಾಡಿದರು. ಆ ಮೆಟ್ಟಿಲು ಬಾಡಿಯ ಮೌಂಟ್ ಪಕ್ಕದ ಸಣ್ಣ ನಾಲಿಗೆಯನ್ನು ತಳ್ಳುತ್ತೆ. ಇದಕ್ಕೆ ಎಐ ಅಂತ ಹೆಸರು. ಈಗಿನ ಎಐ ಅಲ್ಲ, ಇದು ಬರೀ ಲೋಹದ ಮೆಟ್ಟಿಲು.

ಅಪಾಯ ಎಲ್ಲಿದೆ? ಹಳೇ ಲೆನ್ಸಿನ ಉಂಗುರಕ್ಕೆ ಮೆಟ್ಟಿಲು ಕತ್ತರಿಸಿಲ್ಲ, ಅಂಚು ಸುತ್ತಲೂ ಎತ್ತರವಾಗಿದೆ. ಅದನ್ನು ಎಐ ಬಾಡಿಗೆ ಒತ್ತಿ ತಿರುಗಿಸಿದರೆ ಅಂಚು ನೇರ ಆ ನಾಲಿಗೆಯ ಮೇಲೆ ಕೂತು ಅದನ್ನು ಮುರಿಯಬಹುದು. ಬಲ ಹಾಕಿದಷ್ಟೂ ನಷ್ಟ.

ಮನೆಯ ಲೆನ್ಸು ಯಾವುದು ಅಂತ ಗುರುತಿಸುವುದು ಹೀಗೆ. ಅಪರ್ಚರ್ ಸಂಖ್ಯೆಗಳು ಒಂದೇ ಸಾಲು ಇದ್ದು, ಕಿವಿ ತೂತಿಲ್ಲದೆ ಗಟ್ಟಿಯಾಗಿದ್ದರೆ ಹಳೆಯದು. ಸಂಖ್ಯೆಗಳು ಎರಡು ಸಾಲು ಇದ್ದು (ಹಿಂದಿನ ಸಾಲು ಚಿಕ್ಕ ಅಕ್ಷರದಲ್ಲಿ), ಕಿವಿಯಲ್ಲಿ ತೂತುಗಳಿದ್ದರೆ ಎಐ. ಹಳೇ ಲೆನ್ಸಿನ ಉಂಗುರವನ್ನು ಮೆಕ್ಯಾನಿಕ್ ಹತ್ತಿರ ಕತ್ತರಿಸಿ ಎಐ ಮಾಡಿಸಿಕೊಂಡವರೂ ಇದ್ದಾರೆ, ಆದ್ದರಿಂದ ಅಂಚನ್ನು ಕಣ್ಣಿಂದಲೇ ನೋಡಿ. ನಮ್ಮ ಪೆಟ್ಟಿಗೆಯ 50 ಮಿ.ಮೀ. ಹಳೆಯದು, 135 ಮಿ.ಮೀ. ಎಐ, ಆದರೆ ಕಿವಿಯೂ ಇದೆ. ಈ ‘ಕಿವಿಯೂ ಇದೆ’ ಅನ್ನುವುದೇ ಮುಂದೆ ಕೆಲಸಕ್ಕೆ ಬರುತ್ತೆ.

ಬಾಡಿಗಳನ್ನು ಒಂದೊಂದಾಗಿ ನೋಡೋಣ

ನಿಕಾನ್ ಎಫ್ಎಂ2 (1982): ಎಲ್ಲರ ಬಾಯಲ್ಲಿರುವ ಹೆಸರು. 1/4000 ಸೆಕೆಂಡಿನ ಷಟರ್. ಆದರೆ ಎಐ ನಾಲಿಗೆ ಮಡಚಲ್ಲ. ನಮ್ಮ 50 ಮಿ.ಮೀ. ಹಾಕುವಂತಿಲ್ಲ. ದುಡ್ಡು ಜಾಸ್ತಿ, ಅರ್ಧ ಪೆಟ್ಟಿಗೆ ಹೊರಗೆ.

ನಿಕಾನ್ ಎಫ್ಎಂ10 (1995): ಹೆಸರು ನಿಕಾನ್, ತಯಾರಿಸಿದ್ದು ಕೊಸೀನಾ. ಹಗುರ, ಕಲಿಯುವವರಿಗೆ ಸಲೀಸು. ಇಲ್ಲೂ ಅದೇ ನಾಲಿಗೆ ಸಮಸ್ಯೆ.

ನಿಕಾನ್ ಎಫ್ಎಂ (1977): ಇದರ ನಾಲಿಗೆಯನ್ನು ಮೇಲಕ್ಕೆ ಮಡಚಬಹುದು. ಹಾಗಾಗಿ ಎರಡೂ ಲೆನ್ಸು ಕೂರುತ್ತವೆ. 135ಕ್ಕೆ ಮೀಟರ್ ಮಾಮೂಲಿಯಾಗಿ ಕೆಲಸ ಮಾಡುತ್ತೆ. 50 ಹಾಕಿದಾಗ ಮಾತ್ರ ಲೆನ್ಸಿನ ಪಕ್ಕದ ಪ್ರಿವ್ಯೂ ಲಿವರ್ ಒತ್ತಿ, ಅಪರ್ಚರನ್ನು ನಿಜವಾಗಿ ಮುಚ್ಚಿಕೊಂಡು ಬೆಳಕು ಅಳೆಯಬೇಕು. ಷಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಮೀಟರಿಗಷ್ಟೇ.

ನಿಕಾನ್ ಎಫ್2 (1971): ಗಟ್ಟಿಮುಟ್ಟು, ಘನತೆ ಎಲ್ಲ ಸರಿ. ಆದರೆ ಮೀಟರ್ ಇರುವುದು ಮೇಲೆ ಕೂರಿಸುವ ತಲೆಯಲ್ಲಿ. ಯಾವ ತಲೆ ಇದೆ ಅನ್ನುವುದರ ಮೇಲೆ ಕಿವಿಯೋ ಎಐಯೋ ಅನ್ನುವುದು ನಿಂತಿದೆ. ಫ್ಲ್ಯಾಶ್ ಕೂರಿಸುವ ಜಾಗ ರಿವೈಂಡ್ ಹಿಡಿಯ ಸುತ್ತ, ನಿಕಾನಿನದೇ ಆಕಾರ; ಮಾಮೂಲಿ ಫ್ಲ್ಯಾಶ್ ನೇರ ಕೂರಲ್ಲ. ಕೇಬಲ್ ರಿಲೀಸ್ ಕೂಡ ಮಾಮೂಲಿ ಸೂಜಿ ಥ್ರೆಡ್ಡಿನದಲ್ಲ. ಅಂದರೆ ಬಾಡಿಯ ಮೇಲೆ ಮತ್ತೆರಡು ಸಾಮಾನು ಖರೀದಿ.

ನಿಕ್ಕರ್‌ಮ್ಯಾಟ್ ಎಫ್‌ಟಿಎನ್ (1967): ನಿಕಾನ್ ಕಂಪನಿಯದೇ, ಸ್ವಲ್ಪ ಕೆಳಗಿನ ಬೆಲೆಯ ಸಾಲು. ಕಿವಿಯ ಭಾಷೆ ಮಾತ್ರ ಗೊತ್ತು. ನಮ್ಮ ಎರಡೂ ಲೆನ್ಸಿಗೆ ಕಿವಿ ಇರುವುದರಿಂದ ಎರಡಕ್ಕೂ ಮೀಟರ್ ಪೂರ್ತಿ ಕೆಲಸ ಮಾಡುತ್ತೆ. ಲೆನ್ಸ್ ಹಾಕಿದ ಮೇಲೆ ಉಂಗುರವನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ತಿರುಗಿಸಬೇಕು ಅಷ್ಟೇ. ಲೆನ್ಸಿನ ಗರಿಷ್ಠ ಅಪರ್ಚರ್ ಎಷ್ಟು ಅಂತ ಬಾಡಿ ಹಾಗೆ ತಿಳಿದುಕೊಳ್ಳುತ್ತೆ. ತೊಂದರೆ ಬ್ಯಾಟರಿಯದು: ಅದು ಪಾದರಸದ ಕಾಲದ ಬಾಡಿ.

ನಿಕ್ಕರ್‌ಮ್ಯಾಟ್ ಎಫ್‌ಟಿ2 (1975): ಎಫ್‌ಟಿಎನ್‌ನ ತಮ್ಮ. ಕಿವಿಯ ಭಾಷೆ ಹಾಗೇ ಉಳಿದಿದೆ. ಜೊತೆಗೆ ನೆತ್ತಿಯ ಮೇಲೆ ಮಾಮೂಲಿ ಹಾಟ್ ಷೂ ಬಂದಿದೆ, ಬ್ಯಾಟರಿ 1.5 ವೋಲ್ಟಿನ ಸಿಲ್ವರ್ ಆಕ್ಸೈಡಿಗೆ ಬದಲಾಗಿದೆ. ಷಟರ್ ಮೆಕ್ಯಾನಿಕಲ್, 1/1000ರವರೆಗೆ.

ಕ್ಯಾನನ್ ಇಓಎಸ್ ಫಿಲ್ಮ್ ಬಾಡಿ: ಇದನ್ನು ಯಾಕೆ ತಂದೆವು ಅಂದರೆ, ಮೇಲಿನ ಪಟ್ಟಿ ನೋಡಿ. ಇಎಫ್ ಮೌಂಟ್ 44 ಮಿ.ಮೀ. ನಿಕಾನ್ ಲೆನ್ಸಿಗೆ 2.5 ಮಿ.ಮೀ. ಜಾಗ ಸಿಗುತ್ತೆ, ಎಂ42ಗೆ 1.46 ಮಿ.ಮೀ. ಎರಡು ಅಡಾಪ್ಟರ್ ಇದ್ದರೆ ಮೂರೂ ಲೆನ್ಸು ದೂರದ ಬೆಟ್ಟದವರೆಗೆ ಫೋಕಸ್ ಆಗುತ್ತವೆ! ಆದರೆ ಅಪರ್ಚರ್ ತಾನಾಗಿ ತೆರೆದು ಮುಚ್ಚಲ್ಲ. ಎಫ್/8 ಇಟ್ಟರೆ ಎಫ್/8ರ ಕತ್ತಲಲ್ಲೇ ಫೋಕಸ್ ಮಾಡಬೇಕು. ಎಫ್/2ಕ್ಕೆ ಹೋಲಿಸಿದರೆ 16ನೇ ಒಂದು ಪಾಲು ಬೆಳಕು. ಹಗಲಿನ ನಿಸರ್ಗ ಚಿತ್ರಕ್ಕೆ ಪರವಾಗಿಲ್ಲ. ಕಾಲೇಜು ಡೇ ವೇದಿಕೆ ಮುಂದೆ ನಿಂತು ಫ್ಲ್ಯಾಶ್ ಹೊಡೆಯುವವರಿಗೆ ಕಷ್ಟ.

ಫ್ಲ್ಯಾಶ್: ಮೊದಲು ಮಲ್ಟಿಮೀಟರ್ ಹಿಡಿಯಿರಿ

ಫ್ಲ್ಯಾಶಿನ ಪಾದದಲ್ಲಿ ನಡುವೆ ಒಂದೇ ಒಂದು ಚುಕ್ಕೆ ಇದ್ದರೆ ಅದು ಯಾವ ಮಾಮೂಲಿ ಹಾಟ್ ಷೂಗೂ ಒಗ್ಗುತ್ತೆ. ಸುತ್ತ ಇನ್ನೂ ಮೂರು ನಾಲ್ಕು ಚುಕ್ಕೆಗಳಿದ್ದರೆ ಅವು ಒಂದು ಕಂಪನಿಯ ಬಾಡಿಗೇ ಮೀಸಲು. ಬೇರೆ ಕಂಪನಿಯ ಎಲೆಕ್ಟ್ರಾನಿಕ್ ಬಾಡಿಗೆ ಹಾಕಿ ಪ್ರಯೋಗ ಮಾಡಬೇಡಿ.

ಇನ್ನೊಂದು ಮಾತು. ಹಳೇ ಫ್ಲ್ಯಾಶುಗಳಲ್ಲಿ ಕೆಲವು ಟ್ರಿಗರ್ ಸಂಪರ್ಕದಲ್ಲೇ 200 ವೋಲ್ಟಿಗಿಂತ ಹೆಚ್ಚು ಇಟ್ಟುಕೊಂಡಿರುತ್ತವೆ. ಎಫ್ಎಂ, ನಿಕ್ಕರ್‌ಮ್ಯಾಟ್‌ನಂಥ ಬಾಡಿಗಳಲ್ಲಿ ಸ್ವಿಚ್ ಅಂದರೆ ಎರಡು ಲೋಹದ ತುಂಡು ತಾಗುವುದು, ತಡೆದುಕೊಳ್ಳುತ್ತವೆ. ಡಿಜಿಟಲ್ ಕ್ಯಾಮೆರಾ, ಇಓಎಸ್‌ನಂಥ ಎಲೆಕ್ಟ್ರಾನಿಕ್ ಬಾಡಿಗಳ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಫ್ಲ್ಯಾಶ್ ಆನ್ ಮಾಡಿ, ರೆಡಿ ದೀಪ ಹತ್ತಿದ ಮೇಲೆ ಮಲ್ಟಿಮೀಟರನ್ನು ಡಿಸಿ ವೋಲ್ಟೇಜಿನ ದೊಡ್ಡ ರೇಂಜಿಗೆ ಇಟ್ಟು, ಒಂದು ಕಡ್ಡಿ ನಡುವಿನ ಚುಕ್ಕೆಗೆ, ಇನ್ನೊಂದು ಪಾದದ ಬದಿಯ ಲೋಹಕ್ಕೆ ತಾಗಿಸಿ ನೋಡಿ. ಕಡ್ಡಿಯ ಪ್ಲಾಸ್ಟಿಕ್ ಭಾಗವನ್ನಷ್ಟೇ ಹಿಡಿಯಿರಿ. ಫ್ಲ್ಯಾಶನ್ನು ಬಿಚ್ಚೋಕೆ ಮಾತ್ರ ಹೋಗಬೇಡಿ. ಸ್ವಿಚ್ ಆಫ್ ಆಗಿದ್ದರೂ ಒಳಗಿನ ಕೆಪಾಸಿಟರ್ ಜೀವಕ್ಕೆ ಅಪಾಯ ಆಗುವಷ್ಟು ಚಾರ್ಜ್ ಇಟ್ಟುಕೊಂಡಿರಬಹುದು.

ಇನ್ನು ಸಿಂಕ್ ವೇಗ. ಫ್ಲ್ಯಾಶ್ ಮಿಂಚುವ ಕ್ಷಣಕ್ಕೆ ಷಟರಿನ ಪರದೆ ಚೌಕಟ್ಟನ್ನು ಪೂರ್ತಿ ತೆರೆದಿರಬೇಕು. ಸ್ಪಾಟ್‌ಮ್ಯಾಟಿಕ್‌ನಂಥ ಬಾಡಿಗಳಲ್ಲಿ ಬಟ್ಟೆಯ ಪರದೆ 36 ಮಿ.ಮೀ. ಅಡ್ಡಡ್ಡ ಓಡಬೇಕು, ಹಾಗಾಗಿ 1/60. ನಿಕ್ಕರ್‌ಮ್ಯಾಟ್, ಎಫ್ಎಂಗಳಲ್ಲಿ ಲೋಹದ ಪರದೆ 24 ಮಿ.ಮೀ. ಉದ್ದುದ್ದ ಓಡುತ್ತೆ, ಹಾಗಾಗಿ 1/125. ಇದಕ್ಕಿಂತ ವೇಗ ಇಟ್ಟರೆ ಚಿತ್ರದ ಒಂದು ಭಾಗ ಕಪ್ಪು.

ಫ್ಲ್ಯಾಶಿನ ಮೇಲೆ ಗೈಡ್ ನಂಬರ್ ಇರುತ್ತೆ. ಐಎಸ್ಒ 100ಕ್ಕೆ, ಮೀಟರಿನಲ್ಲಿ 28 ಅಂತಿದ್ದರೆ ದೂರದಿಂದ ಭಾಗಿಸಿ: 5 ಮೀಟರಿಗೆ ಎಫ್/5.6, 7 ಮೀಟರಿಗೆ ಎಫ್/4. ಈ ಲೆಕ್ಕ ಗೊತ್ತಿದ್ದರೆ ಯಾವ ಬ್ರ್ಯಾಂಡಿನ ಫ್ಲ್ಯಾಶೂ ಯಾವ ಬಾಡಿಗೂ ದುಡಿಯುತ್ತೆ.

ಬ್ಯಾಟರಿ

ಎಫ್‌ಟಿಎನ್, ಒಲಿಂಪಸ್ ಓಎಂ-1ರಂಥ ಬಾಡಿಗಳ ಮೀಟರನ್ನು 1.35 ವೋಲ್ಟಿನ ಪಿಎಕ್ಸ್625 ಪಾದರಸದ ಸೆಲ್ಲಿಗೆ ಹೊಂದಿಸಿದ್ದರು. ಪಾದರಸದ ಕಾರಣಕ್ಕೆ ಅವು ಮಾರುಕಟ್ಟೆಯಿಂದ ಹೋದವು. ಅದೇ ಆಕಾರದ 1.5 ವೋಲ್ಟ್ ಆಲ್ಕಲೈನ್ ಸೆಲ್ ಹಾಕಿದರೆ ಮುಳ್ಳು ಹೆಚ್ಚು ಏಳುತ್ತೆ. ಬೆಳಕು ಜಾಸ್ತಿ ಇದೆ ಅಂತ ನಂಬಿ ನಾವು ಕಡಿಮೆ ಎಕ್ಸ್‌ಪೋಶರ್ ಕೊಡುತ್ತೇವೆ, ಚಿತ್ರ ಮಂಕಾಗುತ್ತೆ. ಕಿವಿಯ ಹಿಯರಿಂಗ್ ಏಡಿಗೆ ಹಾಕುವ 675 ನಂಬರಿನ ಝಿಂಕ್-ಏರ್ ಸೆಲ್ 1.4 ವೋಲ್ಟ್, ಒಂದು ಉಂಗುರದ ಸಹಾಯದಿಂದ ಕೂರಿಸಿದರೆ ಹತ್ತಿರದ ಲೆಕ್ಕ ಸಿಗುತ್ತೆ. ಸ್ಟಿಕ್ಕರ್ ಕಿತ್ತ ಮೇಲೆ ಬಳಸಲಿ ಬಿಡಲಿ, ಅದು ಬೇಗ ಮುಗಿಯುತ್ತೆ ಅನ್ನುವುದೊಂದೇ ಕಿರಿಕಿರಿ.

ಹಾಗೇ, ಬ್ಯಾಟರಿ ಇಲ್ಲದಿದ್ದರೆ ಷಟರೇ ಓಡದ ಬಾಡಿಗಳೂ ಇವೆ. 1976ರ ಕ್ಯಾನನ್ ಎಇ-1 ಒಂದು. ಊರಿನ ಜಾತ್ರೆಗೋ ಚಾರಣಕ್ಕೋ ಒಯ್ಯುವವರು ಇದನ್ನು ನೆನಪಿಡಬೇಕು.

ಸಣ್ಣಪುಟ್ಟವು

ಫಿಲ್ಟರ್: ನಮ್ಮ ಎರಡೂ ನಿಕ್ಕರ್‌ಗೆ 52 ಮಿ.ಮೀ., ಒಂದೇ ಹಳದಿ ಫಿಲ್ಟರ್ ಸಾಕು. ಹೀಲಿಯೋಸಿಗೆ 49; 49ರಿಂದ 52ಕ್ಕೆ ಏರಿಸುವ ಸ್ಟೆಪ್-ಅಪ್ ರಿಂಗ್ ಹಾಕಿದರೆ ಅದೇ ಫಿಲ್ಟರ್ ಅಲ್ಲೂ ಕೂರುತ್ತೆ. ಟ್ರೈಪಾಡ್: ಕಾಲು ಇಂಚಿನ ಸ್ಕ್ರೂ ಮಾಮೂಲು, ಕೆಲವು ಹಳೇ ಯುರೋಪಿನ ಬಾಡಿಗಳಿಗೆ 3/8 ಇಂಚು. ಕೇಬಲ್ ರಿಲೀಸನ್ನು ಅಂಗಡಿಗೆ ಒಯ್ದು ಗುಂಡಿಗೆ ತಿರುಗಿಸಿ ನೋಡುವುದೇ ಸರಿಯಾದ ಪರೀಕ್ಷೆ.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಬೇಕಾದ್ದು

ಮನೆಯ ಲೆನ್ಸನ್ನು ಜೊತೆಗೆ ಒಯ್ಯಿರಿ. ಮಾರುವವರ ಎದುರಲ್ಲೇ, ಅವರನ್ನು ಕೇಳಿ, ಹಾಕಿ ನೋಡಿ. ಸಲೀಸಾಗಿ ತಿರುಗದಿದ್ದರೆ ಅಲ್ಲೇ ನಿಲ್ಲಿಸಿ.

ಫೋಕಸ್ ಉಂಗುರವನ್ನು ಕೊನೆಗೆ ತಿರುಗಿಸಿ ರಸ್ತೆಯ ಆ ತುದಿಯ ಮರವನ್ನೋ ವಾಟರ್ ಟ್ಯಾಂಕನ್ನೋ ನೋಡಿ. ಚೂಪಾಗಿ ಕಾಣಬೇಕು.

ಹಿಂದಿನ ಬಾಗಿಲು ತೆಗೆದು ಷಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ. ಒಳಗಿನ ಗೇರುಗಳ ಸದ್ದು ನಡುವೆ ತಡವರಿಸಬಾರದು. ಆಮೇಲೆ ಒಂದೊಂದೇ ವೇಗ ಏರಿಸಿ. ಪ್ರತಿ ಮೆಟ್ಟಿಲಿಗೂ ಸದ್ದು ಗಿಡ್ಡವಾಗಬೇಕು.

ಬಾಗಿಲಿನ ಅಂಚಿನ ಕಪ್ಪು ಸ್ಪಾಂಜ್ ಬೆರಳಿಗೆ ಅಂಟಿದರೆ ಬೆಳಕು ಸೋರುತ್ತೆ. ಇದು ಬದಲಿಸಬಹುದಾದ ದೋಷ, ಹೆದರಬೇಕಿಲ್ಲ. ಬೆಲೆ ಮಾತಾಡುವಾಗ ಹೇಳಿ ಅಷ್ಟೇ.

ಬಿಸಿಲಿಗೆ ಹಿಡಿದು ಮೀಟರ್ ನೋಡಿ. ಐಎಸ್ಒ 100, 1/125 ಇಟ್ಟರೆ ಚುರುಗುಟ್ಟುವ ಬಿಸಿಲಿನಲ್ಲಿ ಎಫ್/16ರ ಆಸುಪಾಸು ತೋರಿಸಬೇಕು.

ಕೊನೆಯದಾಗಿ ಮನೆಯ ಲೆನ್ಸಿನ ಪರೀಕ್ಷೆ. ಇದನ್ನು ಬಾಡಿ ಕೊಳ್ಳುವ ಮೊದಲೇ ಮಾಡಿ. ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಗಾಜಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿರುವುದು ಸಾಮಾನ್ಯ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ಧಕ್ಕೆ ಇಲ್ಲ. ನಡುವೆಲ್ಲ ಹಬ್ಬಿದ್ದರೆ ಮೊದಲು ಲೆನ್ಸ್ ಸ್ವಚ್ಛ ಮಾಡಿಸೋದಾ ಅಂತ ಯೋಚಿಸಿ. ಆ ಲೆನ್ಸೇ ಹೋದರೆ ಅದಕ್ಕಾಗಿ ಬಾಡಿ ಹುಡುಕುವ ಲೆಕ್ಕವೆಲ್ಲ ಬದಲಾಗುತ್ತೆ.

ಹಾಗಾದರೆ ಯಾವುದು?

ನಮ್ಮ ಪೆಟ್ಟಿಗೆಗೆ ಮೊದಲ ಆಯ್ಕೆ ನಿಕ್ಕರ್‌ಮ್ಯಾಟ್ ಎಫ್‌ಟಿ2. ಎರಡೂ ನಿಕ್ಕರ್‌ಗೆ ಪೂರ್ತಿ ಮೀಟರ್, ಫ್ಲ್ಯಾಶಿಗೆ ಮಾಮೂಲಿ ಷೂ, ಈಗಲೂ ಸಿಗುವ ಬ್ಯಾಟರಿ, ಬ್ಯಾಟರಿ ಸತ್ತರೂ ಓಡುವ ಷಟರ್. ಅದು ಸಿಗದಿದ್ದರೆ ಎಫ್ಎಂ. ಮುಂದೆ ಲೆನ್ಸು ಇನ್ನೂ ಕೊಳ್ಳುವ ಯೋಚನೆ ಇದ್ದರೆ ಎಫ್ಎಂ ಅನ್ನೇ ಮೊದಲಿಗೆ ಇಡಬಹುದು, ಯಾಕೆಂದರೆ ಕಿವಿ ಇಲ್ಲದ ಆಟೋಫೋಕಸ್ ಕಾಲದ ನಿಕ್ಕರ್‌ಗಳ ಜೊತೆ ಎಫ್‌ಟಿ2ರ ಮೀಟರ್ ಹಾಗೆ ಮಾತಾಡಲ್ಲ. ಹೆಚ್ಚು ಹೆಸರಿರುವ ಎಫ್2, ಎಫ್ಎಂ2 ಎರಡೂ ಈ ಪೆಟ್ಟಿಗೆಯ ಮಟ್ಟಿಗೆ ಕೊನೆಯ ಸಾಲಿನಲ್ಲಿ ನಿಂತವು. ಅವು ಕೆಟ್ಟ ಕ್ಯಾಮೆರಾ ಅಂತಲ್ಲ, ಬೇರೆ ಪೆಟ್ಟಿಗೆಯ ಕ್ಯಾಮೆರಾ ಅಂತ.

ನಿಮ್ಮ ಪೆಟ್ಟಿಗೆಯಲ್ಲಿ ಮೂರು ಎಂ42 ಲೆನ್ಸಿದ್ದರೆ ಉತ್ತರ ಸ್ಪಾಟ್‌ಮ್ಯಾಟಿಕ್ ಆಗಬಹುದು. ಹಳೇ ಕ್ಯಾನನ್ ಎಫ್‌ಡಿ ಲೆನ್ಸಿದ್ದರೆ ಎಫ್‌ಡಿ ಬಾಡಿ ಬಿಟ್ಟು ಬೇರೆ ದಾರಿ ಕಡಿಮೆ, ಮೇಲಿನ ಪಟ್ಟಿಯಲ್ಲಿ ಅದರ ಸಂಖ್ಯೆ ಎಲ್ಲಕ್ಕಿಂತ ಚಿಕ್ಕದು ಅಲ್ವಾ. ಲೆಕ್ಕದ ಕ್ರಮ ಮಾತ್ರ ಅದೇ: ಮೌಂಟ್, ಮೀಟರಿನ ಭಾಷೆ, ಫ್ಲ್ಯಾಶ್, ಬ್ಯಾಟರಿ, ಆಮೇಲೆ ಹೆಸರು. ಬಾಡಿ ತಂದ ವಾರದಲ್ಲೇ ಒಂದು ರೋಲ್ ಹಾಕಿ, ಪ್ರತಿ ಲೆನ್ಸಿಗೂ ಹತ್ತು ಚಿತ್ರ ಮೀಸಲಿಡಿ, ಯಾವ ಚಿತ್ರಕ್ಕೆ ಯಾವ ಅಪರ್ಚರ್, ಯಾವ ವೇಗ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. 36 ಚಿತ್ರ ತೊಳೆದು ಬಂದಾಗ ಬಾಡಿ, ಲೆನ್ಸು, ಫ್ಲ್ಯಾಶು ಮೂರೂ ಒಂದಕ್ಕೊಂದು ಒಗ್ಗಿವೆಯೋ ಇಲ್ಲವೋ ಅನ್ನುವುದಕ್ಕೆ ಆ ನೋಟ್‌ಬುಕ್ಕೇ ಸಾಕ್ಷಿ.